ನಾಲ್ಕರಲ್ಲಿ ಎರಡು ಡಿಸ್ಕ್ ಹೋದ ರೈಡ್ 5: ತೀರ್ಥಹಳ್ಳಿ ಸ್ಟುಡಿಯೊದ ಪೆಟ್ಟಿಗೆಯಿಂದ ಕಡತ ತೆಗೆದ ಬಗೆ

ನಾಲ್ಕು ಗೂಡಿನ ನ್ಯಾಸ್ ಪೆಟ್ಟಿಗೆ, ಅಂದರೆ ನೆಟ್‌ವರ್ಕಿಗೆ ಸಿಕ್ಕಿಸಿ ಕಡತ ಇಡುವ ಯಂತ್ರ. ಒಳಗೆ ತಲಾ 4 ಟಿಬಿಯ ನಾಲ್ಕು ಡಿಸ್ಕ್, ಲಿನಕ್ಸ್ ಸಾಫ್ಟ್‌ವೇರ್ ರೈಡ್ 5 (ಡಿಸ್ಕುಗಳನ್ನು ಒಂದೇ ಸರಣಿಯಾಗಿ ಕಟ್ಟಿ, ಮಾಹಿತಿಯನ್ನು ‘ಚಂಕ್’ ಎಂಬ ತುಂಡುಗಳಾಗಿ ಸಾಲುಸಾಲಾಗಿ ಹಂಚಿ, ಪ್ರತಿ ಸಾಲಿಗೆ ಉಳಿದವುಗಳಿಂದ ಲೆಕ್ಕ ಹಾಕಿದ ಒಂದು ‘ಪ್ಯಾರಿಟಿ’ ಚಂಕ್ ಇಡುವ ವಿಧಾನ), ಚಂಕ್ 64 ಕೆಬಿ, ಅದರ ಮೇಲೆ ಇಎಕ್ಸ್‌ಟಿ4 ಕಡತ ವ್ಯವಸ್ಥೆ. ತೀರ್ಥಹಳ್ಳಿ ಕಡೆಯ ಫೋಟೊ ಸ್ಟುಡಿಯೊ ಒಂದರದ್ದು. ಹತ್ತು ವರ್ಷದ ಮದುವೆ, ಗೃಹಪ್ರವೇಶ, ಊರ ತೇರು, ಬೆಳಗಿನವರೆಗೆ ನಡೆದ ಯಕ್ಷಗಾನದ ವಿಡಿಯೊ ಎಲ್ಲ ಸೇರಿ 6.1 ಟಿಬಿ. ಬೇರೆಲ್ಲೂ ಪ್ರತಿ ಇಲ್ಲ. ಆ ಆಟಗಳಲ್ಲಿ ಕುಣಿದವರಲ್ಲಿ ಕೆಲವರು ಈಗಿಲ್ಲ, ಹಾಗಾಗಿ ಹೋದರೆ ಮತ್ತೆ ಮಾಡಿಸಿಕೊಳ್ಳುವ ಸರಕಲ್ಲ ಅದು.

ಪೆಟ್ಟಿಗೆ ಕೆಟ್ಟ ಕ್ರಮ ಇಷ್ಟು. ಏಪ್ರಿಲ್‌ನ ಗುಡುಗು ಮಳೆಯ ಹೊತ್ತಿಗೆ 2ನೇ ಡಿಸ್ಕ್ ಸರಣಿಯಿಂದ ಕಳಚಿಕೊಂಡಿದೆ. ಬೀಪ್ ಸದ್ದು ಆರಿಸಿಟ್ಟಿದ್ದರು, ಮೇಲ್ ಎಚ್ಚರಿಕೆ ಹಾಕಿರಲಿಲ್ಲ. ಮೂರು ತಿಂಗಳು ಉಳಿದ ಮೂರೇ ಡಿಸ್ಕಿನ ಮೇಲೆ ಕೆಲಸ ನಡೆದಿದೆ. ಪುನರ್ವಸು ಮಳೆಯಲ್ಲಿ ಕೆಂಪು ದೀಪ ಕಣ್ಣಿಗೆ ಬಿದ್ದು ಹೊಸ ಡಿಸ್ಕ್ ಹಾಕಿದ್ದಾರೆ. ರೀಬಿಲ್ಡ್ ಶೇಕಡ 62ಕ್ಕೆ ಬಂದಾಗ 3ನೇ ಡಿಸ್ಕ್‌ನಲ್ಲಿ ಓದಲಾಗದ ಸೆಕ್ಟರ್ (ಡಿಸ್ಕ್ ಒಮ್ಮೆಗೆ ಓದುವ ಅತಿ ಚಿಕ್ಕ ತುಂಡು) ಎದುರಾಗಿ ಅದೂ ಹೊರಬಿದ್ದಿದೆ. ರೀಬಿಲ್ಡ್ ಎಂದರೆ ಉಳಿದ ಡಿಸ್ಕುಗಳನ್ನು ಮೊದಲಿಂದ ಕೊನೆಯವರೆಗೆ ಒಂದು ಸೆಕ್ಟರೂ ಬಿಡದೆ ಓದಿ ಹೊಸದನ್ನು ತುಂಬುವುದು. ವರ್ಷಗಟ್ಟಲೆ ಯಾರೂ ಮುಟ್ಟದ ಮೂಲೆಯ ಕೊಳೆತ ಸೆಕ್ಟರ್ ಆಗಲೇ ಹೊರಗೆ ಬರುವುದು. ರೈಡ್ 5 ಒಂದು ಡಿಸ್ಕ್ ಹೋದರೆ ತಡೆಯುತ್ತದೆ, ಎರಡನೆಯದಕ್ಕೆ ತಡೆಯುವುದಿಲ್ಲ.

ಈ ಹಂತದಲ್ಲಿ ಮಾಹಿತಿ ಬಹುಪಾಲು ಇನ್ನೂ ಜೀವಂತ ಇರುತ್ತದೆ. ಅದನ್ನು ನಿಜವಾಗಿ ಕೊಲ್ಲುವುದು ಮುಂದಿನ ಒಂದು ಗಂಟೆಯಲ್ಲಿ ಗಾಬರಿಯಿಂದ ಮಾಡುವ ಕೆಲಸಗಳು: ಪೆಟ್ಟಿಗೆಯನ್ನು ಹತ್ತು ಸಲ ಆಫ್ ಆನ್ ಮಾಡುವುದು, ಡಿಸ್ಕುಗಳನ್ನು ಗೂಡು ಬದಲಿಸಿ ನೋಡುವುದು, ಪರದೆ ಕೇಳಿದ ‘ರಿಪೇರ್’ ಅಥವಾ ‘ಇನಿಶಿಯಲೈಸ್’ ಒತ್ತುವುದು, ಹಳೇ ಡಿಸ್ಕನ್ನು ಮತ್ತೆ ಸೇರಿಸಿ ಅದರ ಮೇಲೆ ರೀಬಿಲ್ಡ್ ಹೊಡೆಸುವುದು. ಇಲ್ಲಿ ಪುಣ್ಯಕ್ಕೆ ಎರಡು ಸಲ ರೀಬೂಟ್ ಮಾಡಿ ನಿಲ್ಲಿಸಿದ್ದರು. ಕಳಚಿದ ಹಳೇ 2ನೇ ಡಿಸ್ಕನ್ನೂ ಎಸೆದಿರಲಿಲ್ಲ. ಅದು ಎಷ್ಟು ದೊಡ್ಡ ಉಪಕಾರವಾಯಿತು ಎಂಬುದು ಕೆಳಗೆ ಬರುತ್ತದೆ.

ಮೊದಲ ಕೆಲಸ: ವಿದ್ಯುತ್ ತೆಗೆದು, ಡಿಸ್ಕುಗಳು ಗೂಡಿನಲ್ಲಿರುವಾಗಲೇ ಫೋಟೊ ತೆಗೆದು, ಪ್ರತಿ ಡಿಸ್ಕಿನ ಮೇಲೆ ಗೂಡಿನ ಸಂಖ್ಯೆ ಬರೆದ ಟೇಪ್ ಅಂಟಿಸುವುದು. ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಬೇರೆ ಹಾಳೆಯಲ್ಲಿ. ಲಿನಕ್ಸ್‌ನಲ್ಲಿ ಎಸ್‌ಡಿಎ, ಎಸ್‌ಡಿಬಿ ಹೆಸರುಗಳು ಪ್ರತಿ ಬೂಟಿಗೂ ಬದಲಾಗಬಹುದು, ಸೀರಿಯಲ್ ಬದಲಾಗುವುದಿಲ್ಲ. ನಕಲು ಮಾಡುವಾಗ ಮೂಲ ಯಾವುದು, ಗುರಿ ಯಾವುದು ಎಂಬುದು ತಿರುಗುಮುರುಗಾದರೆ ಅಲ್ಲಿಗೆ ಮುಗಿಯಿತು. ಆದ್ದರಿಂದ ಪ್ರತಿ ಆಜ್ಞೆಗೂ ಮುಂಚೆ ಸೀರಿಯಲ್ ಓದಿ ನೋಡಬೇಕು.

ಆಮೇಲೆ ಥಂಡಿ. ಮಲೆನಾಡಿನ ಆಷಾಢದಲ್ಲಿ ಬೀರುವಿನೊಳಗಿನ ಬೆಲ್ಟಿಗೂ ಬೂಸ್ಟು ಹಿಡಿಯುತ್ತದೆ. ಡಿಸ್ಕಿನ ಪಿಸಿಬಿಗೆ (ಎಲೆಕ್ಟ್ರಾನಿಕ್ ಬೋರ್ಡಿಗೆ) ಅದು ಬೇರೆ ರೂಪದಲ್ಲಿ ತಗಲುತ್ತದೆ. ತಣ್ಣಗಿರುವ ಡಿಸ್ಕನ್ನು ಬೆಚ್ಚನೆಯ ಕೋಣೆಗೆ ತಂದು ತಕ್ಷಣ ಚಾಲೂ ಮಾಡಬಾರದು, ಬೋರ್ಡಿನ ಮೇಲೆ ಹನಿಗಟ್ಟಿರುತ್ತದೆ. ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟರೆ ಸಾಕು. ಅಕ್ಕಿ ಡಬ್ಬ ಬೇಡ, ಧೂಳು. ಒಲೆಯ ಮೇಲಿನ ಅಟ್ಟವಂತೂ ಬೇಡವೇ ಬೇಡ. ಈ ಗಾತ್ರದ ಡಿಸ್ಕುಗಳಿಗೆ ಗಾಳಿಯ ಒತ್ತಡ ಸರಿತೂಗಲು ಫಿಲ್ಟರ್ ಇರುವ ಸಣ್ಣ ರಂಧ್ರವಿರುತ್ತದೆ, ಹೊಗೆಯ ಜಿಡ್ಡು ಅಲ್ಲಿ ಕೂರುತ್ತದೆ.

2ನೇ ಡಿಸ್ಕ್ ಕಳಚಿದ್ದಕ್ಕೆ ಕಾರಣ ಕೊನೆಗೆ ಥಂಡಿಯೇ. ತಟ್ಟೆ ತಿರುಗುತ್ತಿತ್ತು, ಆದರೆ ಒಮ್ಮೆ ಕಾಣಿಸಿ ಒಮ್ಮೆ ಕಾಣದೆ ಹೋಗುತ್ತಿತ್ತು. ಪಿಸಿಬಿ ಬಿಚ್ಚಿದರೆ (ಟಿ6 ಅಥವಾ ಟಿ8 ನಕ್ಷತ್ರ ತಿರುಪು) ಒಳಗಿನ ಹೆಡ್‌ಗಳಿಗೆ ಸಂಪರ್ಕ ಕೊಡುವ ಪ್ಯಾಡ್‌ಗಳು ಕಪ್ಪಾಗಿದ್ದವು. ಸ್ಪ್ರಿಂಗ್ ಮುಳ್ಳುಗಳು ಒತ್ತುವ ಜಾಗ ಅದು. ಬಿಳಿ ಪೆನ್ಸಿಲ್ ರಬ್ಬರಿನಿಂದ ಹಗುರಕ್ಕೆ ಉಜ್ಜಿ, 99 ಶೇಕಡ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಹದಿನೈದು ನಿಮಿಷ ಒಣಗಲು ಬಿಟ್ಟು ಮತ್ತೆ ಕೂರಿಸಿದಾಗ ಡಿಸ್ಕ್ ನೆಟ್ಟಗೆ ಬಂತು. ಮರಳು ಕಾಗದ ಹಾಕಬೇಡಿ, ಲೇಪನ ಎದ್ದುಹೋಗುತ್ತದೆ. ಸಿಡಿಲಿನ ನಂತರ ಪೂರ್ತಿ ಸತ್ತಂತಿರುವ ಡಿಸ್ಕಾದರೆ ಮಲ್ಟಿಮೀಟರಿನಲ್ಲಿ 5 ಮತ್ತು 12 ವೋಲ್ಟ್ ಗೆರೆಗಳನ್ನು ನೆಲಕ್ಕೆ ಅಳೆಯಬೇಕು. 1 ಓಮ್‌ಗಿಂತ ಕಡಿಮೆ ಬಂದರೆ ಅಲ್ಲಿನ ಟಿವಿಎಸ್ ಡಯೋಡ್ (ವೋಲ್ಟೇಜ್ ಏರಿಕೆಗೆ ತಡೆ) ತಾನು ಸತ್ತು ಬೋರ್ಡನ್ನು ಉಳಿಸಿದೆ ಎಂದರ್ಥ. ಅದನ್ನು ತೆಗೆದು, ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ (ಕಂಪ್ಯೂಟರಿನ ವಿದ್ಯುತ್ ಪೆಟ್ಟಿಗೆಯಲ್ಲಿ) ಒಂದೇ ಒಂದು ಸಲ ನಕಲು ಮಾಡಿಕೊಳ್ಳುವಷ್ಟಕ್ಕೆ ಓಡಿಸಬಹುದು. ಇನ್ನೊಂದು ಡಿಸ್ಕಿನ ಪಿಸಿಬಿ ತಂದು ಕೂರಿಸಿದರೆ ಸಾಮಾನ್ಯವಾಗಿ ಕೆಲಸವಾಗುವುದಿಲ್ಲ. ಆಯಾ ಡಿಸ್ಕಿನ ಹೊಂದಾಣಿಕೆ ಮೌಲ್ಯಗಳು ಬೋರ್ಡಿನ ಎಂಟು ಕಾಲಿನ ರೋಮ್ (ROM) ಚಿಪ್ಪಿನಲ್ಲಿರುತ್ತವೆ, ಆ ಚಿಪ್ಪನ್ನೂ ವರ್ಗಾಯಿಸಬೇಕು.

ಕಟಕಟ ಸದ್ದು ಒಂದೇ ಸಮ ಬರುತ್ತಿದ್ದರೆ ಅದು ಹೆಡ್ ಹೋದದ್ದು. ಅಲ್ಲಿಗೆ ಮನೆಯ ಕೆಲಸ ನಿಲ್ಲಿಸಿ. ಮುಚ್ಚಳ ತೆಗೆಯಬೇಡಿ. ಹೆಡ್ ಮತ್ತು ತಟ್ಟೆಯ ನಡುವಿನ ಅಂತರ ಕೆಲವೇ ನ್ಯಾನೊಮೀಟರ್, ನಮ್ಮ ಕೋಣೆಯ ಒಂದು ಧೂಳಿನ ಕಣ ಅದಕ್ಕೆ ಬಂಡೆ. ಆ್ಯಂಟಿಸ್ಟ್ಯಾಟಿಕ್ ಚೀಲ, ಒಂದು ಪೊಟ್ಟಣ ಸಿಲಿಕಾ ಜೆಲ್, ಸುತ್ತ ಐದು ಸೆಂಟಿಮೀಟರ್ ಸ್ಪಂಜು ಕಟ್ಟಿ ಕ್ಲೀನ್ ರೂಮ್ ಇರುವ ಕಡೆಗೆ ಕೈಯಲ್ಲೇ ಒಯ್ಯಬೇಕು. ಬಸ್ಸಿನ ಡಿಕ್ಕಿಗೆ ಹಾಕಬಾರದು.

ಕೆಲಸದ ಮೇಜಿಗೆ ಬೇಕಾದದ್ದು: ಆರು ಸಾಟಾ ಪೋರ್ಟ್ ಇರುವ ಹಳೇ ಡೆಸ್ಕ್‌ಟಾಪ್, ನಕಲಿಗೆ 4 ಟಿಬಿಗೆ ಕಡಿಮೆಯಿಲ್ಲದ ನಾಲ್ಕು ಡಿಸ್ಕ್, ಕಡತ ಹೊರತೆಗೆದು ಹಾಕಲು 8 ಟಿಬಿಯ ಒಂದು, ಪೆನ್‌ಡ್ರೈವ್‌ನಲ್ಲಿ ಲೈವ್ ಲಿನಕ್ಸ್. ಯುಎಸ್‌ಬಿ ಡಾಕ್ ಕೆಟ್ಟ ಡಿಸ್ಕಿಗೆ ಆಗದು. ಓದಲಾಗದ ಸೆಕ್ಟರಿಗೆ ಸಿಕ್ಕಿದಾಗ ಡಾಕ್‌ನ ಸೇತುವೆ ಚಿಪ್ಪು ಮಂಕಾಗಿ ಸಂಪರ್ಕವೇ ಕಡಿದುಹೋಗುತ್ತದೆ.

ವಿದ್ಯುತ್ತಿನ ಬಗ್ಗೆ ಒಂದು ಮಾತು. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಸಿಡಿಲಿಗಿಂತ ತಂತಿಯ ಮೇಲೆ ಬೀಳುವ ಮರದ್ದೇ ಕಾಟ. ಕರೆಂಟ್ ಹೋದರೆ ಗಂಟೆ ಲೆಕ್ಕವಲ್ಲ, ಕೆಲವೊಮ್ಮೆ ದಿನದ ಲೆಕ್ಕ. ಯಂತ್ರ, ಡಿಸ್ಕುಗಳು ಸೇರಿ 120 ವ್ಯಾಟ್ ಎಳೆಯುತ್ತಿದ್ದವು. 150 ಎಎಚ್‌ನ ಮನೆಯ ಇನ್ವರ್ಟರ್ ಬ್ಯಾಟರಿ ಹಾಳೆಯ ಮೇಲೆ 1800 ವ್ಯಾಟ್-ಗಂಟೆ, ಕೈಗೆ ಸಿಗುವುದು ಸಾವಿರದ ಆಸುಪಾಸು, ಅಂದರೆ ಎಂಟು ಗಂಟೆ. ಆದರೆ ಇನ್ವರ್ಟರಿನ ಹಿಂಬದಿಯ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಲೇಬೇಕು. ಸಾಮಾನ್ಯ ಮೋಡ್‌ನಲ್ಲಿ ಬದಲಾವಣೆಗೆ ಹಿಡಿಯುವ ಸಮಯ ಎಸ್‌ಎಂಪಿಎಸ್ ತಡೆದುಕೊಳ್ಳುವ ಸುಮಾರು 16 ಮಿಲಿಸೆಕೆಂಡಿಗಿಂತ ಹೆಚ್ಚಾಗಬಹುದು, ಆಗ ಯಂತ್ರ ರೀಬೂಟ್ ಆಗುತ್ತದೆ. ಬೂಟ್ ಆಗುವಾಗ ಲಿನಕ್ಸ್ ತಾನೇ ರೈಡ್ ಕಟ್ಟಲು ಹೊರಡುವುದನ್ನೂ ತಡೆಯಬೇಕು: ಲಿನಕ್ಸ್‌ನಲ್ಲಿ ರೈಡ್ ನಡೆಸುವ ಎಂಡಿಎಡಿಎಂನ ಕಾನ್ಫಿಗ್ ಕಡತದಲ್ಲಿ ‘ಆಟೊ ಮೈನಸ್ ಆಲ್’ ಎಂಬ ಸಾಲು ಹಾಕಿ, ಅದಾದ ಮೇಲೆಯೇ ಮೂಲ ಡಿಸ್ಕುಗಳನ್ನು ಸಿಕ್ಕಿಸಿದ್ದು.

ನಕಲಿಗೆ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ತಂತ್ರಾಂಶ. ಇಡೀ ಡಿಸ್ಕನ್ನೇ ನಕಲಿಸಬೇಕು, ಪಾರ್ಟಿಶನ್ ಒಂದನ್ನಲ್ಲ. 4 ಟಿಬಿ ಡಿಸ್ಕ್ ಎಂದರೆ 512 ಬೈಟಿನ 7,814,037,168 ಸೆಕ್ಟರ್. ಮೊದಲ ಸುತ್ತು ‘ಮೈನಸ್ ಎನ್’ ಮತ್ತು ‘ಮೈನಸ್ ಡಿ’ ಆಯ್ಕೆಯೊಂದಿಗೆ: ಸುಲಭವಾಗಿ ಬರುವುದನ್ನೆಲ್ಲ ಬಾಚಿಕೊ, ಕಷ್ಟದ ಜಾಗ ಬಿಟ್ಟು ಮುಂದೆ ಹೋಗು, ಕರ್ನಲ್ ಕ್ಯಾಶ್ ಬೇಡ. ಎರಡನೇ ಸುತ್ತು ‘ಮೈನಸ್ ಆರ್ 3’: ಬಿಟ್ಟ ಜಾಗಗಳಿಗೆ ಮೂರು ಪ್ರಯತ್ನ. ಕೆಟ್ಟ ಡಿಸ್ಕಿನ ಆಯುಸ್ಸು ಅಳತೆಯದ್ದು. ಅದನ್ನು ಮೊದಲೇ ಹಾಳು ಜಾಗದಲ್ಲಿ ಗುದ್ದಾಡಿಸಿ ಮುಗಿಸಿದರೆ ಒಳ್ಳೆಯ ಜಾಗವೂ ಸಿಗದು. ಮ್ಯಾಪ್ ಕಡತವನ್ನು ತಪ್ಪದೆ ಕೊಡಬೇಕು, ಮತ್ತು ಅದು ಪೆನ್‌ಡ್ರೈವ್‌ನಂಥ ಬೇರೆ ಜಾಗದಲ್ಲಿರಬೇಕು. ಎಲ್ಲಿಯವರೆಗೆ ಬಂದಿದೆ, ಯಾವ ಸೆಕ್ಟರ್ ಬಾಕಿ ಎಂಬುದೆಲ್ಲ ಅದರಲ್ಲಿರುವುದರಿಂದ ಕರೆಂಟ್ ಹೋದರೂ ಅದೇ ಆಜ್ಞೆ ಮತ್ತೆ ಕೊಟ್ಟರೆ ನಿಂತಲ್ಲಿಂದ ಹೊರಡುತ್ತದೆ.

1 ಮತ್ತು 4ನೇ ಡಿಸ್ಕುಗಳಿಗೆ ಎಂಟೆಂಟು ಗಂಟೆ, ಒಂದೂ ತಪ್ಪಿಲ್ಲ. ಹೊರಸುತ್ತಿನಲ್ಲಿ ಸೆಕೆಂಡಿಗೆ 180 ಎಂಬಿ, ಒಳಸುತ್ತಿಗೆ ಬರುವಾಗ ಅರ್ಧಕ್ಕಿಳಿಯುತ್ತದೆ, ಅದು ಸಹಜ. ಒರೆಸಿದ 2ನೆಯದೂ ಪೂರ್ತಿ ಬಂತು. 3ನೆಯದಕ್ಕೆ ಮೊದಲ ಸುತ್ತಿಗೆ 11 ಗಂಟೆ, ಕೆರೆದು ತೆಗೆಯಲು ಇನ್ನೂ ಎರಡೂವರೆ ದಿನ. ಮೇಜಿನ ಫ್ಯಾನ್ ಹಚ್ಚಿಟ್ಟು ಡಿಸ್ಕಿನ ಬಿಸಿ 40 ಡಿಗ್ರಿ ದಾಟದಂತೆ ನೋಡಿಕೊಂಡದ್ದು. ಕೊನೆಗೆ ಉಳಿದ ಬಾಕಿ 1,232,896 ಬೈಟ್. ಈ ಡಿಸ್ಕ್ ಹೊರಗೆ 512 ಬೈಟಿನ ಸೆಕ್ಟರ್ ತೋರಿಸಿದರೂ ತಟ್ಟೆಯ ಮೇಲೆ ಬರೆಯುವುದು 4096 ಬೈಟಿನ ತುಂಡಾಗಿ. ಹಾಗೆ ಲೆಕ್ಕ ಹಾಕಿದರೆ 301 ತುಂಡು.

ಮೂಲ ಡಿಸ್ಕುಗಳೆಲ್ಲ ಇಲ್ಲಿಗೆ ಡಬ್ಬಿಗೆ. ಮುಂದಿನದೆಲ್ಲ ನಕಲಿನ ಮೇಲೆ.

ಎಂಡಿಎಡಿಎಂನ ‘ಎಕ್ಸಾಮಿನ್’ ಪ್ರತಿ ಡಿಸ್ಕಿನ ಸೂಪರ್‌ಬ್ಲಾಕ್ (ಸರಣಿಯ ವಿವರ ಬರೆದಿಟ್ಟ ಜಾಗ) ಓದಿ ಹೇಳುತ್ತದೆ. ಈ ನ್ಯಾಸ್‌ನಲ್ಲಿ ಮೊದಲೆರಡು ಪಾರ್ಟಿಶನ್ ಪೆಟ್ಟಿಗೆಯ ಸ್ವಂತಕ್ಕೆ, ಮಾಹಿತಿ ಇರುವುದು ಮೂರನೆಯದರಲ್ಲಿ. ಬರೆದಿಟ್ಟುಕೊಳ್ಳಬೇಕಾದ್ದು: ಡಿಸ್ಕಿನ ಸ್ಥಾನ, ಚಂಕ್ ಗಾತ್ರ, ಲೇಔಟ್ (ಪ್ಯಾರಿಟಿ ಡಿಸ್ಕಿಂದ ಡಿಸ್ಕಿಗೆ ಸರಿಯುವ ಕ್ರಮ, ಇಲ್ಲಿ ಲೆಫ್ಟ್-ಸಿಮೆಟ್ರಿಕ್), ಡೇಟಾ ಆಫ್‌ಸೆಟ್ (ಮಾಹಿತಿಗೆ ಮುಂಚೆ ಬಿಟ್ಟ ಅಂತರ, ಇಲ್ಲಿ 2048 ಸೆಕ್ಟರ್), ಕೊನೆಯ ಅಪ್‌ಡೇಟ್ ಸಮಯ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಈವೆಂಟ್ ಸಂಖ್ಯೆ. ಸರಣಿಯಲ್ಲಿ ಏನಾದರೂ ಬದಲಾದಾಗ ಜೊತೆಯಲ್ಲಿರುವ ಎಲ್ಲ ಡಿಸ್ಕುಗಳಲ್ಲೂ ಈ ಸಂಖ್ಯೆ ಏರುತ್ತದೆ, ಕಳಚಿಕೊಂಡದ್ದು ಹಿಂದೆಯೇ ಉಳಿಯುತ್ತದೆ.

1ನೇ ಡಿಸ್ಕ್ 412906. 4ನೆಯದು 412906. 3ನೆಯದು 412871. ಹಳೇ 2ನೆಯದು 398117.

ಈ ನಾಲ್ಕು ಅಂಕಿಗಳಲ್ಲೇ ಇಡೀ ರೋಗ ಇದೆ. 3ನೆಯದು 35 ಹೆಜ್ಜೆಯಷ್ಟೇ ಹಿಂದೆ, ಬಿದ್ದ ಕೆಲವು ಕ್ಷಣದ ಅಂತರ, ಅದನ್ನು ನಂಬಬಹುದು. 2ನೆಯದು ಮೂರು ತಿಂಗಳು ಹಿಂದೆ. ನಾಲ್ವರೂ ಕೂಡಿಯೇ ಇದ್ದೇವೆ ಎಂದು ಅದರ ಸೂಪರ್‌ಬ್ಲಾಕ್ ಈಗಲೂ ಹೇಳುತ್ತದೆ, ಕಳಚಿದ ಮೇಲೆ ಅದಕ್ಕೆ ಸುದ್ದಿ ಮುಟ್ಟಿಲ್ಲವಲ್ಲ. ‘ಮೂರು ಒಳ್ಳೆಯ ಡಿಸ್ಕ್ ಸಿಕ್ಕಿತು’ ಎಂದು 1, 2, 4 ಸೇರಿಸಿ ಎಬ್ಬಿಸಿದರೆ ಸರಣಿ ಎದ್ದೂಬಿಡುತ್ತದೆ. ಆದರೆ ಮೂರು ತಿಂಗಳಲ್ಲಿ ಬರೆದ ಪ್ರತಿ ಕಡತದಲ್ಲೂ, ಬ್ಲಾಕ್ ಬಿಟ್‌ಮ್ಯಾಪಿನಲ್ಲೂ, ಡೈರೆಕ್ಟರಿಗಳಲ್ಲೂ ಹಳತು ಹೊಸತು ಬೆರೆತಿರುತ್ತದೆ. ಅದರ ಮೇಲೆ ಎಫ್‌ಎಸ್‌ಸಿಕೆ (ಕಡತ ವ್ಯವಸ್ಥೆಯ ರಿಪೇರಿ ತಂತ್ರಾಂಶ) ಓಡಿಸಿದರೆ ಒಳ್ಳೆಯದನ್ನೂ ‘ಸರಿಪಡಿಸಿ’ ಅಳಿಸುತ್ತದೆ. ಕೂಡಿಸುವುದು 1, 3, 4.

ನಕಲಿನ ಮೇಲೂ ನೇರವಾಗಿ ಬರೆಯುವುದಿಲ್ಲ. ಪ್ರತಿ ನಕಲಿಗೆ ಒಂದು ಓವರ್‌ಲೇ: ಟ್ರಂಕೇಟ್ ಆಜ್ಞೆಯಿಂದ 50 ಜಿಬಿಯ ಪೊಳ್ಳು ಕಡತ, ಅದಕ್ಕೆ ಲೂಪ್ ಸಾಧನ, ಡಿಎಂಸೆಟಪ್‌ನ ‘ಸ್ನ್ಯಾಪ್‌ಶಾಟ್’ ಮೂಲಕ ನಕಲಿನ ಮೇಲೆ ಹೊದಿಕೆ. ಬರೆದದ್ದೆಲ್ಲ ಹೊದಿಕೆಗೆ ಹೋಗುತ್ತದೆ, ಕೆಳಗಿನದು ಹಾಗೇ ಇರುತ್ತದೆ. ಪ್ರಯೋಗ ಕೆಟ್ಟರೆ ಹೊದಿಕೆ ಎಸೆದು ಎರಡು ನಿಮಿಷದಲ್ಲಿ ಮತ್ತೆ ಶುರು ಮಾಡಬಹುದು. ಇಲ್ಲದಿದ್ದರೆ ಪ್ರತಿ ತಪ್ಪಿಗೂ ಎಂಟು ಗಂಟೆಯ ಮರುನಕಲು.

ಹೊದಿಕೆಗಳ ಮೇಲೆ ‘ಅಸೆಂಬಲ್’, ಜೊತೆಗೆ ‘ಫೋರ್ಸ್’, ‘ರನ್’. 3ನೆಯದರ ಈವೆಂಟ್ ಸಂಖ್ಯೆ ಏರಿಸಿಕೊಂಡು ಸರಣಿ ನಾಲ್ಕರಲ್ಲಿ ಮೂರರ ಮೇಲೆ ಎದ್ದಿತು. ಕೂಡಲೇ ‘ರೀಡ್‌ಓನ್ಲಿ’. ಮೌಂಟ್ ಮಾಡುವಾಗ ‘ಆರ್‌ಓ’ ಮಾತ್ರ ಸಾಲದು, ‘ನೋಲೋಡ್’ ಕೂಡ ಬೇಕು. ಇಲ್ಲದಿದ್ದರೆ ಇಎಕ್ಸ್‌ಟಿ4 ಓದಲಷ್ಟೇ ತೆರೆದರೂ ಜರ್ನಲ್ (ಬಾಕಿ ಬರಹಗಳ ದಾಖಲೆ) ಮರುಓಡಿಸಲು ನೋಡುತ್ತದೆ. ಕಡತಪಟ್ಟಿ ಪೂರ್ತಿ ಕಂಡಿತು.

ಪಟ್ಟಿ ಕಂಡರೆ ಗೆದ್ದಂತಲ್ಲ. ಡಿಸ್ಕಿನ ಕ್ರಮವೋ ಚಂಕ್ ಗಾತ್ರವೋ ತಪ್ಪಿದ್ದರೂ ಎಷ್ಟೋ ಸಲ ಮೌಂಟ್ ಆಗುತ್ತದೆ, ಹೆಸರುಗಳೂ ಕಾಣುತ್ತವೆ. 64 ಕೆಬಿಗಿಂತ ಚಿಕ್ಕ ಕಡತ ಒಂದೇ ಚಂಕಿನೊಳಗೆ ಕೂತಿದ್ದರೆ ತೆರೆದುಕೊಳ್ಳುತ್ತದೆ ಕೂಡ. ಆದ್ದರಿಂದ ಪರೀಕ್ಷೆಗೆ ದೊಡ್ಡ ಕಡತವೇ ಬೇಕು: 5 ಎಂಬಿಯ ಜೆಪಿಇಜಿ ಮೇಲಿನಿಂದ ಕೆಳಗಿನವರೆಗೆ ಪಟ್ಟೆಯಿಲ್ಲದೆ ತೆರೆಯಬೇಕು, ವಿಡಿಯೊ ನಡುವಿನಲ್ಲೂ ಓಡಬೇಕು. ಇಲ್ಲಿ ಎರಡೂ ಆಯಿತು. ಸೂಪರ್‌ಬ್ಲಾಕ್ ಅಳಿಸಿಹೋದ ಪೆಟ್ಟಿಗೆಯಲ್ಲಿ ಮಾತ್ರ ‘ಕ್ರಿಯೇಟ್’ ಜೊತೆ ‘ಅಸ್ಯೂಮ್-ಕ್ಲೀನ್’ ಬಳಸಿ ಊಹಿಸಬೇಕಾಗುತ್ತದೆ. ನಾಲ್ಕು ಡಿಸ್ಕಿಗೆ 24 ಕ್ರಮ. ಅಲ್ಲಿ ಎಲ್ಲರೂ ಮರೆಯುವುದು ಡೇಟಾ ಆಫ್‌ಸೆಟ್: ಹೊಸ ಎಂಡಿಎಡಿಎಂ ತಾನಾಗಿ 262144 ಸೆಕ್ಟರಿನಂಥ ದೊಡ್ಡ ಅಂತರ ಬಿಡುತ್ತದೆ, ಹಳೇ ಪೆಟ್ಟಿಗೆಯದು 2048. ಅದನ್ನು ಬಾಯಿಬಿಟ್ಟು ಹೇಳದಿದ್ದರೆ 24 ಕ್ರಮವೂ ಸುಳ್ಳೇ ಆಗುತ್ತದೆ.

ಈಗ ಆ 301 ತುಂಡು. ಮೂರು ಡಿಸ್ಕಿನ ಮೇಲೆ ನಿಂತ ರೈಡ್ 5ರಲ್ಲಿ ಒಂದು ತುಂಡು ಹೋದರೆ ಹಾನಿ ಒಂದೇ ಕಡೆ ಆಗುವುದಿಲ್ಲ. ಕೆಟ್ಟ ಸೆಕ್ಟರುಗಳಿಗೆ ಗುರುತಿನ ಪದ ತುಂಬಿ, ಆಮೇಲೆ ಕಡತಗಳಲ್ಲಿ ಆ ಪದ ಹುಡುಕುವ ಉಪಾಯವನ್ನು ಡಿಡಿರೆಸ್ಕ್ಯೂನ ‘ಫಿಲ್ ಮೋಡ್’ ಕೊಡುತ್ತದೆ. ಒಂಟಿ ಡಿಸ್ಕಿಗೆ ಒಳ್ಳೆಯ ಉಪಾಯ, ಇಲ್ಲಿ ಅರ್ಧ ಸತ್ಯ. ಇಲ್ಲದ 2ನೇ ಡಿಸ್ಕಿನ ಅಂಶವನ್ನು ಉಳಿದ ಮೂರರ ಎಕ್ಸಾರ್‌ನಿಂದ (ಎರಡು ಬಿಟ್ ಒಂದೇ ಇದ್ದರೆ 0, ಬೇರೆಯಾದರೆ 1 ಎನ್ನುವ ಲೆಕ್ಕ) ಕಟ್ಟುವುದರಿಂದ, ಅದೇ ಸಾಲಿನಲ್ಲಿ 3ನೆಯದು ಕೆಟ್ಟಿದ್ದರೆ 2ನೆಯದರ ಅಂಶವೂ ಕೆಡುತ್ತದೆ, ಮತ್ತು ಎಕ್ಸಾರ್ ಆಗಿರುವುದರಿಂದ ಗುರುತಿನ ಪದ ಅಲ್ಲಿ ಕಾಣುವುದೇ ಇಲ್ಲ. ಪ್ಯಾರಿಟಿ 3ನೆಯದರಲ್ಲಿ ಕೂತ ಸಾಲಾದರೆ ಗುರುತು ಎಲ್ಲೂ ಸಿಗದೆ ಕಡತ ಮಾತ್ರ ಕೆಟ್ಟಿರುತ್ತದೆ. ಲೆಕ್ಕ ಹಾಕಿಯೇ ಹುಡುಕಬೇಕು.

ಹಳೇ 2ನೇ ಡಿಸ್ಕ್ ಕೆಲಸಕ್ಕೆ ಬಂದದ್ದು ಇಲ್ಲಿ. ಸರಣಿ ಕಟ್ಟಲು ಅದು ಬೇಡ, ಆದರೆ ಏಪ್ರಿಲ್‌ನಿಂದ ಯಾರೂ ಮುಟ್ಟದ ಸಾಲುಗಳಲ್ಲಿ ಅದು ಈಗಲೂ ಸತ್ಯವನ್ನೇ ಹೇಳುತ್ತದೆ. ಅಂಥ ಸಾಲಿನಲ್ಲಿ 1, 2, 4ರ ಎಕ್ಸಾರ್ ಮಾಡಿದರೆ 3ನೆಯದರ ಕಳೆದ ತುಂಡು ಹಾಗೇ ಸಿಗುತ್ತದೆ. ಸಾಲು ಮುಟ್ಟದ್ದೇ ಎಂದು ತಿಳಿಯುವುದು ಹೇಗೆ? ಕೆಟ್ಟ ತುಂಡಿನ ಆಚೀಚೆ, ಅದೇ 64 ಕೆಬಿ ಚಂಕಿನೊಳಗೆ, 3ನೆಯದು ಸರಿಯಾಗಿ ಓದಿಕೊಂಡ ತುಂಡುಗಳಿರುತ್ತವೆ. ಅವುಗಳ ಸ್ಥಾನದಲ್ಲಿ ನಾಲ್ಕೂ ಡಿಸ್ಕಿನ ಎಕ್ಸಾರ್ ಪೂರ್ತಿ ಸೊನ್ನೆ ಬಂದರೆ ಆ ನೆರೆ ಏಪ್ರಿಲ್‌ನಿಂದ ಬದಲಾಗಿಲ್ಲ. ಸೊನ್ನೆ ಬರದಿದ್ದರೆ ಆಮೇಲೆ ಯಾರೋ ಬರೆದಿದ್ದಾರೆ, ಅಲ್ಲಿ 2ನೆಯದನ್ನು ನಂಬಬಾರದು. ನೆರೆ ಸರಿಯಿದ್ದು ನಡುವಿನ ತುಂಡು ಮಾತ್ರ ಬದಲಾಗಿರುವ ಸಾಧ್ಯತೆ ಸಣ್ಣದಾಗಿ ಉಳಿಯುತ್ತದೆ, ಅದಕ್ಕೆ ಕೊನೆಯಲ್ಲಿ ಕಡತ ತೆರೆದು ನೋಡುವುದೇ ಪರೀಕ್ಷೆ. ಇನ್ನೊಂದು ವಿಷಯ ನಮ್ಮ ಪರವಾಗಿದೆ. ಓದಲಾಗದ ಸೆಕ್ಟರಿನ ಮೇಲೆ ಹೊಸದಾಗಿ ಬರೆದರೆ ಡಿಸ್ಕ್ ಅದನ್ನು ಸರಿಪಡಿಸಿಕೊಳ್ಳುತ್ತದೆ ಇಲ್ಲವೇ ಮೀಸಲು ಜಾಗಕ್ಕೆ ಸಾಗಿಸುತ್ತದೆ. ಓದಲಾಗದೆ ಉಳಿದದ್ದು ಹೆಚ್ಚಾಗಿ ಬಹುಕಾಲ ಯಾರೂ ಬರೆಯದ ಜಾಗ.

ನಾಲ್ಕೂ ಡಿಸ್ಕಿನ ಪಾರ್ಟಿಶನ್ ಆರಂಭ ಮತ್ತು ಡೇಟಾ ಆಫ್‌ಸೆಟ್ ಒಂದೇ ಇದ್ದುದರಿಂದ ಮ್ಯಾಪ್ ಕಡತದ ಬೈಟ್ ಸ್ಥಾನವನ್ನೇ ನೇರವಾಗಿ ಎಲ್ಲ ನಕಲಿಗೂ ಬಳಸಬಹುದಾಯಿತು. ಬೇರೆ ಬೇರೆ ಇದ್ದರೆ ವ್ಯತ್ಯಾಸ ಕಳೆದು ಕೂಡಿಸಬೇಕು. ಇಪ್ಪತ್ತು ಸಾಲಿನ ಪೈಥಾನ್ ಸಾಕು: ಸ್ಥಾನ ಓದು, ಆಚೆ ಎರಡು ಈಚೆ ಎರಡು ಒಳ್ಳೆಯ ತುಂಡಿನಲ್ಲಿ ನಾಲ್ಕರ ಎಕ್ಸಾರ್ ನೋಡು, ಸೊನ್ನೆಯಾದರೆ ಮೂರರ ಎಕ್ಸಾರನ್ನು 3ನೆಯದರ ಹೊದಿಕೆಯಲ್ಲಿ ಅದೇ ಸ್ಥಾನಕ್ಕೆ ಬರೆ. ಇದಕ್ಕೆ ಮುಂಚೆ ಸರಣಿಯನ್ನು ಅನ್‌ಮೌಂಟ್ ಮಾಡಿ ನಿಲ್ಲಿಸಿರಬೇಕು. ಒಂದು ಎಚ್ಚರ: ನಾಲ್ಕೂ ಕಡೆ ಬರೀ ಸೊನ್ನೆಯೇ ತುಂಬಿದ ಜಾಗದಲ್ಲೂ ಎಕ್ಸಾರ್ ಸೊನ್ನೆ ಬರುತ್ತದೆ, ಅದು ಸಾಕ್ಷಿಯಲ್ಲ, ಹಾಗಾಗಿ ಅಂಥ ನೆರೆಯನ್ನು ಎಣಿಕೆಯಿಂದ ಬಿಟ್ಟದ್ದು.

301ರಲ್ಲಿ 247 ಪಾಸಾದವು. ಉಳಿದದ್ದು 54.

ಅವು ಯಾವ ಕಡತದಲ್ಲಿ ಎಂಬುದಕ್ಕೆ ಲೆಕ್ಕ. ಈ ಲೆಕ್ಕಕ್ಕೆ ಮಾತ್ರ ಡಿಸ್ಕುಗಳನ್ನು 0ಯಿಂದ 3ರವರೆಗೆ ಎಣಿಸಿ (ಗೂಡಿನ 1ನೆಯದು ಇಲ್ಲಿ 0). ಪಾರ್ಟಿಶನ್ನಿನೊಳಗಿನ ಸ್ಥಾನದಿಂದ ಡೇಟಾ ಆಫ್‌ಸೆಟ್ ಕಳೆದು 65,536ರಿಂದ ಭಾಗಿಸಿದರೆ ಸಾಲಿನ ಸಂಖ್ಯೆ. ಲೆಫ್ಟ್-ಸಿಮೆಟ್ರಿಕ್‌ನಲ್ಲಿ ಆ ಸಂಖ್ಯೆಯನ್ನು 4ರಿಂದ ಭಾಗಿಸಿ ಬಂದ ಶೇಷವನ್ನು 3ರಿಂದ ಕಳೆದರೆ ಪ್ಯಾರಿಟಿ ಇರುವ ಡಿಸ್ಕ್. ಅದರ ಮುಂದಿನ ಡಿಸ್ಕಿನಿಂದ ಸುತ್ತು ಬರುತ್ತ ಸಾಲಿನ 0, 1, 2ನೇ ಮಾಹಿತಿ ಚಂಕುಗಳು. ಸಾಲಿನ ಸಂಖ್ಯೆಯನ್ನು 3ರಿಂದ ಗುಣಿಸಿ ಚಂಕಿನ ಸಂಖ್ಯೆ ಕೂಡಿಸಿ ಮತ್ತೆ 65,536ರಿಂದ ಗುಣಿಸಿ, ಚಂಕಿನೊಳಗಿನ ಸ್ಥಾನ ಸೇರಿಸಿದರೆ ಸರಣಿಯ ಬೈಟ್ ಸ್ಥಾನ. 4096ರಿಂದ ಭಾಗಿಸಿದರೆ ಕಡತ ವ್ಯವಸ್ಥೆಯ ಬ್ಲಾಕ್. ಡೀಬಗ್‌ಎಫ್‌ಎಸ್‌ನಲ್ಲಿ ‘ಐಚೆಕ್’ ಆ ಬ್ಲಾಕಿನ ಐನೋಡ್ (ಕಡತದ ಒಳಸಂಖ್ಯೆ) ಕೊಡುತ್ತದೆ, ‘ಎನ್‌ಚೆಕ್’ ಹೆಸರು ಕೊಡುತ್ತದೆ. ಪ್ರತಿ ಕೆಟ್ಟ ತುಂಡಿಗೂ 3ನೇ ಗೂಡಿನ ಡಿಸ್ಕಿನ ಬ್ಲಾಕ್ ಮಾತ್ರವಲ್ಲ, ಅದೇ ಸಾಲಿನ 2ನೇ ಗೂಡಿನ ಡಿಸ್ಕಿನ ಬ್ಲಾಕನ್ನೂ ಹುಡುಕಬೇಕು.

54ರಲ್ಲಿ 11 ಖಾಲಿ ಜಾಗದಲ್ಲಿದ್ದವು. ಉಳಿದ 43 ತುಂಡು ಏಳು ಕಡತಗಳಿಗೆ ತಗುಲಿದ್ದವು: ಐದು ವಿಡಿಯೊ, ಎರಡು ರಾ (ಕ್ಯಾಮೆರಾದ ಕಚ್ಚಾ) ಫೋಟೊ, ಎಲ್ಲವೂ ಏಪ್ರಿಲ್ ನಂತರದವು.

ಸರಣಿಯನ್ನು ಮತ್ತೆ ಎಬ್ಬಿಸಿ ಎಲ್ಲವನ್ನೂ 8 ಟಿಬಿ ಡಿಸ್ಕಿಗೆ ಆರ್‌ಸಿಂಕ್‌ನಲ್ಲಿ ಇಳಿಸಲು 14 ಗಂಟೆ. ಆಮೇಲೆ ವಿಡಿಯೊಗಳನ್ನು ಎಫ್‌ಎಫ್‌ಎಂಪೆಗ್‌ನಲ್ಲಿ ಎಲ್ಲಿಗೂ ಬರೆಯದೆ ಸುಮ್ಮನೆ ಡಿಕೋಡ್ ಮಾಡಿಸಿ ತಪ್ಪುಗಳನ್ನಷ್ಟೇ ದಾಖಲಿಸಿದ್ದು, ಎಕ್ಸಾರ್‌ನಿಂದ ತುಂಬಿದ ಕಡತಗಳನ್ನು ಮೊದಲು. ಅವುಗಳಲ್ಲಿ ಒಂದೂ ತಪ್ಪು ಬರಲಿಲ್ಲ. ಐದು ಕೆಟ್ಟ ವಿಡಿಯೊಗಳಲ್ಲಿ ಚಿತ್ರ ಒಂದೆರಡು ಸೆಕೆಂಡು ಚೌಕಚೌಕವಾಗಿ ಒಡೆದು ಮುಂದೆ ಸರಿಹೋಗುತ್ತದೆ. ರಾ ಫೋಟೊ ಎರಡರಲ್ಲೂ ಒಳಗೆ ಅಡಗಿರುವ ಜೆಪಿಇಜಿ ಮುನ್ನೋಟ ಪೂರ್ತಿ ಉಳಿದಿತ್ತು, ಅದನ್ನು ಬೇರ್ಪಡಿಸಿ ಪಕ್ಕದಲ್ಲಿಟ್ಟದ್ದು.

8 ಟಿಬಿ ಡಿಸ್ಕಿಗೆ ಅಂದೇ ಎರಡನೇ ಪ್ರತಿ ಮಾಡಿ ಬೇರೆ ಮನೆಯಲ್ಲಿಡಲು ಹೇಳಿದ್ದಾಗಿದೆ. ಪೆಟ್ಟಿಗೆಗೆ ಹೊಸ ಸರಣಿ ರೈಡ್ 6, ಎರಡು ಡಿಸ್ಕ್ ಹೋದರೂ ನಿಲ್ಲಲಿ ಎಂದು. ತಿಂಗಳಿಗೊಮ್ಮೆ ಸ್ಕ್ರಬ್ (ಎಲ್ಲ ಡಿಸ್ಕನ್ನೂ ಪೂರ್ತಿ ಓದಿ ತಾಳೆ ನೋಡುವುದು) ಕಡ್ಡಾಯ, ಬೀಪ್ ಆನ್. ಡಿಸ್ಕ್ ಕೆಟ್ಟ ಸೆಕ್ಟರಿನಲ್ಲಿ 7 ಸೆಕೆಂಡಿಗಿಂತ ಹೆಚ್ಚು ಹೆಣಗದಂತೆ ಸ್ಮಾರ್ಟ್‌ಸಿಟಿಎಲ್‌ನಲ್ಲಿ ‘ಎಸ್‌ಸಿಟಿಇಆರ್‌ಸಿ’ 70 ಹಾಕಿದ್ದು. ಕರ್ನಲ್ ತಾನು ಕಾಯುವುದು 30 ಸೆಕೆಂಡು ಮಾತ್ರ. ಡಿಸ್ಕ್ ಅದಕ್ಕಿಂತ ಹೆಚ್ಚು ಹೊತ್ತು ಉತ್ತರ ಕೊಡದಿದ್ದರೆ ಒಂದೇ ಸೆಕ್ಟರಿನ ತಪ್ಪಿಗೆ ಇಡೀ ಡಿಸ್ಕ್ ಹೊರಬೀಳುತ್ತದೆ.

ಹಳೇ ನಾಲ್ಕು ಡಿಸ್ಕ್ ಟೇಪ್ ಸಮೇತ ಸಿಲಿಕಾ ಜೆಲ್ ಡಬ್ಬಿಯಲ್ಲೇ ಇವೆ. ಸ್ಟುಡಿಯೊಗೆ ಕೊಟ್ಟ ಹಾಳೆಯಲ್ಲಿ ಏಳು ಕಡತಗಳ ಹೆಸರು, ಪ್ರತಿ ವಿಡಿಯೊದಲ್ಲಿ ಚಿತ್ರ ಒಡೆಯುವ ನಿಮಿಷ, ಸೆಕೆಂಡು.